ಹದಿನಾಲ್ಕನೆಯ ದಿನದಿಂದ ಮುಂದೆ



ದತ್ತಿ ಉಪನ್ಯಾಸಗಳು ಹೆಚ್ಚಾಗಿ ಅಗಲಿದವರ ನೆನಪಿನಲ್ಲಿ ನಡೆಯುತ್ತವೆ, ಆದರೆ ಅಗಲಿಕೆಯೇ ಅವುಗಳ ವಿಷಯವಾಗುವುದು ಅಪರೂಪ. ಇಂದು ಅದನ್ನೇ ಎತ್ತಿಕೊಂಡಿದ್ದೇನೆ. ಹತ್ತಿರದವರು ಸತ್ತಾಗ ಉಳಿದವರನ್ನು ಹಿಡಿಯುವ ದುಃಖ, ಆ ದುಃಖದಲ್ಲಿ ತರಬೇತಾದ ನಾಯಿಯೊಂದರ ಒಡನಾಟದಿಂದ ಸಿಗಬಹುದಾದ ಆಸರೆ, ಇದು ನನ್ನ ವಿಷಯ. ಮನೆಯಂಗಳದಲ್ಲಿ ನಾಯಿ ಕಟ್ಟಿಕೊಂಡವರಿಗೆ ಇದರಲ್ಲಿ ಹೊಸದೇನಿದೆ ಎನ್ನಿಸಬಹುದು, ನಾಯಿಯನ್ನು ಕಂಡರೆ ದೂರ ಸರಿಯುವವರಿಗೆ ಇದು ಅತಿಯಾಯಿತು ಎನ್ನಿಸಬಹುದು. ಇಬ್ಬರಿಗೂ ಒಪ್ಪಿಗೆಯಾಗುವಂತೆ, ಸಾಕ್ಷ್ಯ ಎಲ್ಲಿಯವರೆಗೆ ಕರೆದೊಯ್ಯುತ್ತದೋ ಅಲ್ಲಿಯವರೆಗೆ ಮಾತ್ರ ಹೋಗಿ ಮಾತನಾಡುತ್ತೇನೆ.

ನಮ್ಮ ಕೊಲ್ಹಾಪುರದ ಕಡೆ ಸಾವಾದ ಮನೆಯವರನ್ನು ಮೊದಲ ದಿನಗಳಲ್ಲಿ ಒಂಟಿಯಾಗಿ ಬಿಡುವುದಿಲ್ಲ. ಒಲೆ ಹೊತ್ತಿಸದ ಮನೆಗೆ ನೆರೆಯವರು, ಬೀಗರು ಬುತ್ತಿ ತರುತ್ತಾರೆ. ಮಾತಾಡಿಸಿ ಹೋಗಲು ದೂರದ ಊರುಗಳಿಂದ ಜನ ಬರುತ್ತಾರೆ, ಬಂದವರು ಬಾಗಿಲಲ್ಲೇ ಅತ್ತು ಮನೆಯವರನ್ನೂ ಅಳಿಸುತ್ತಾರೆ. ಪಿಂಡವಿಡುವ ಮನೆಗಳಲ್ಲಿ ಹತ್ತನೆಯ ದಿನ ನದಿಯ ದಂಡೆಯ ಮೇಲೆ ಕಾಗೆಗಾಗಿ ಕಾಯುತ್ತಾರೆ. ಅದು ಮುಟ್ಟದೆ ಹೋದರೆ, ಸತ್ತವರ ಮನಸ್ಸಿನಲ್ಲಿ ಏನು ಉಳಿದಿರಬಹುದೆಂದು ಯೋಚಿಸಿ, ಮಗಳ ಮದುವೆ ನಾವು ಮಾಡುತ್ತೇವೆ, ಮನೆಯ ಸಾಲ ನಾವು ತೀರಿಸುತ್ತೇವೆ ಎಂದು ಎಲ್ಲರೆದುರು ಮಾತು ಕೊಡುತ್ತಾರೆ. ಲಿಂಗಾಯತ ಮನೆಗಳಲ್ಲಿ ಸಮಾಧಿಯ ನಂತರ ಗಣಾರಾಧನೆ ನಡೆಯುತ್ತದೆ. ಹಿಂದಿನವರು ಈ ವ್ಯವಸ್ಥೆಯನ್ನು ಬಹಳ ತಿಳಿವಳಿಕೆಯಿಂದ ಕಟ್ಟಿದ್ದಾರೆ. ಆದರೆ ಇದಕ್ಕೊಂದು ಕೊನೆಯ ದಿನವಿದೆ. ಹದಿಮೂರು ದಿನ ಮುಗಿದ ಮೇಲೆ ಬಂದವರು ತಮ್ಮ ಊರಿಗೆ ಹೊರಡುತ್ತಾರೆ, ಮಗ ಪಾವರ್‌ಲೂಮಿನ ಪಾಳಿಗೆ ಹೋಗುತ್ತಾನೆ, ಸೊಸೆ ತನ್ನ ಕೆಲಸಕ್ಕೆ, ಮೊಮ್ಮಕ್ಕಳು ಸಾಲಿಗೆ. ಮನೆಯಲ್ಲಿ ಉಳಿಯುವುದು ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡ ಒಂದು ಹಿರಿಯ ಜೀವ. ಹಿಂದೆ ಕೂಡು ಕುಟುಂಬದಲ್ಲಿ ಹದಿನಾಲ್ಕನೆಯ ದಿನಕ್ಕೂ ಜೊತೆಯಿತ್ತು. ಈಗ ಪಾಳಿಯ ಮೇಲೆ ನಡೆಯುವ ಊರಿನಲ್ಲಿ, ಎರಡು ಖೋಲಿಗಳ ಮನೆಯಲ್ಲಿ, ಆ ಜೊತೆ ಇಲ್ಲ. ದುಃಖದ ಉದ್ದವಾದ ಭಾಗ ಶುರುವಾಗುವುದೇ ಅಲ್ಲಿಂದ.

ಈ ಭಾಗದ ಬಗ್ಗೆ ಮನಶ್ಶಾಸ್ತ್ರ ಕಳೆದ ಕೆಲವು ದಶಕಗಳಲ್ಲಿ ಸಾಕಷ್ಟು ತಿಳಿದುಕೊಂಡಿದೆ. ಮೊದಲನೆಯದಾಗಿ, ದುಃಖ ಕಾಯಿಲೆಯಲ್ಲ. ಅಮೆರಿಕದ ಜಾರ್ಜ್ ಬೊನಾನೊ ಮುಂತಾದವರ ಸಂಶೋಧನೆ ತೋರಿಸಿರುವಂತೆ ಹೆಚ್ಚಿನ ಜನ ಯಾವ ಚಿಕಿತ್ಸೆಯೂ ಇಲ್ಲದೆ ನಿಧಾನವಾಗಿ ಬದುಕಿಗೆ ಮರಳುತ್ತಾರೆ. ಕೆಲವರಿಗೆ ಮಾತ್ರ ಅದು ಸಾಧ್ಯವಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹನ್ನೊಂದನೆಯ ಆವೃತ್ತಿ 2022ರಲ್ಲಿ ಜಾರಿಗೆ ಬಂದಾಗ, ಆರು ತಿಂಗಳು ದಾಟಿದರೂ ಸಡಿಲವಾಗದೆ ದಿನನಿತ್ಯದ ಬದುಕನ್ನೇ ನಿಲ್ಲಿಸಿಬಿಡುವ ದುಃಖವನ್ನು ಪ್ರತ್ಯೇಕ ತೊಂದರೆಯೆಂದು ಗುರುತಿಸಿತು. ಅಂಥವರಿಗೆ ವೈದ್ಯರೇ ಬೇಕು. ಎರಡನೆಯದು ನನ್ನ ವಾದಕ್ಕೆ ಇನ್ನೂ ಮುಖ್ಯವಾದದ್ದು. 1999ರಲ್ಲಿ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಎಂಬ ಸಂಶೋಧಕರು ಮಂಡಿಸಿದ ವಿಚಾರದ ಪ್ರಕಾರ ದುಃಖಿಸುವ ಮನಸ್ಸು ಎರಡು ಕಡೆಗೆ ತೂಗುತ್ತಿರುತ್ತದೆ. ಒಮ್ಮೆ ಕಳೆದುಹೋದವರ ಕಡೆಗೆ, ಅಳುವಿಗೆ, ನೆನಪಿಗೆ. ಒಮ್ಮೆ ಮಾಡಬೇಕಾದ ಕೆಲಸದ ಕಡೆಗೆ, ಹಾಲು ತರುವುದು, ಕರೆಂಟ್ ಬಿಲ್ಲು ಕಟ್ಟುವುದು, ಒಬ್ಬರಿಗಾಗುವಷ್ಟೇ ಅಡುಗೆ ಮಾಡುವುದನ್ನು ಕಲಿಯುವುದು. ಈ ತೂಗಾಟವೇ ಆರೋಗ್ಯದ ಲಕ್ಷಣ. ಒಂದೇ ಕಡೆ ಸಿಕ್ಕಿಕೊಂಡವರು ಕಷ್ಟಪಡುತ್ತಾರೆ. ಮರೆತುಬಿಡಿ ಎನ್ನುವ ಬಂಧುವೂ, ಇಪ್ಪತ್ತನಾಲ್ಕು ಗಂಟೆ ಫೋಟೊದ ಮುಂದೆಯೇ ಕೂಡುವ ಮನಸ್ಸೂ ಈ ತೂಗಾಟವನ್ನು ತಡೆಯುತ್ತವೆ.

ಈಗ ನನ್ನ ವಾದವನ್ನು ಹೇಳುತ್ತೇನೆ. ನಾಯಿ ದುಃಖವನ್ನು ವಾಸಿಮಾಡುವುದಿಲ್ಲ. ದುಃಖಿತರು ಒಂದೇ ಕಡೆ ಸಿಕ್ಕಿಕೊಳ್ಳದಂತೆ ನೋಡಿಕೊಂಡು, ಅವರನ್ನು ಮತ್ತೆ ಮನುಷ್ಯರ ಜೊತೆಗೆ ಸೇರಿಸುವ ಸಾಮರ್ಥ್ಯ ಅದಕ್ಕಿದೆ. ಈ ಮಾತಿಗೆ ಆಧಾರ ಹುಡುಕುವವರು ನ್ಯೂಯಾರ್ಕಿನ ಮಕ್ಕಳ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್ ಅವರಿಂದ ಆರಂಭಿಸಬೇಕು. ಯಾರೊಡನೆಯೂ ಬೆರೆಯದೆ ಮುದುಡಿಹೋಗಿದ್ದ ಹುಡುಗನೊಬ್ಬ, ಲೆವಿನ್ಸನ್ ಅವರ ಜಿಂಗಲ್ಸ್ ಎಂಬ ನಾಯಿ ಹತ್ತಿರ ಬಂದಾಗ ಅದನ್ನು ಅಪ್ಪಿಕೊಂಡ, ಅದರ ಜೊತೆ ಆಡಲು ಮತ್ತೆ ಬರುತ್ತೇನೆಂದ, ಕೆಲವು ಭೇಟಿಗಳ ನಂತರ ವೈದ್ಯರೊಡನೆಯೂ ತೆರೆದುಕೊಂಡ. 1962ರಲ್ಲಿ ಲೆವಿನ್ಸನ್ ಈ ಬಗ್ಗೆ ಲೇಖನ ಬರೆದಾಗ ನಾಯಿಯನ್ನು ಸಹಚಿಕಿತ್ಸಕ ಎಂದು ಕರೆದರು. ಸಹ ಎಂಬುದನ್ನು ಬಿಟ್ಟುಬಿಟ್ಟವರೇ ಮುಂದೆ ಈ ಕ್ಷೇತ್ರದಲ್ಲಿ ಅತಿಶಯದ ಮಾತುಗಳನ್ನು ಆಡಿದ್ದಾರೆ. ಥೆರಪಿ ನಾಯಿ ಎಂದರೆ ಕಣ್ಣು ಕಾಣದವರನ್ನು ದಾರಿ ನಡೆಸುವ ನಾಯಿಯಲ್ಲ, ಮನೆ ಕಾಯುವ ನಾಯಿಯೂ ಅಲ್ಲ. ಅಪರಿಚಿತರು ಮುಟ್ಟಿದರೆ, ತಬ್ಬಿದರೆ, ಹತ್ತಿರ ಕುಳಿತು ಜೋರಾಗಿ ಅತ್ತರೆ ಬೆದರದ ಸ್ವಭಾವದ್ದೆಂದು ಪರೀಕ್ಷಿಸಿ ಆರಿಸಿದ ನಾಯಿ ಅದು. ಹಗ್ಗ ಹಿಡಿದ ತರಬೇತಾದ ಒಬ್ಬ ಮನುಷ್ಯ ಯಾವಾಗಲೂ ಅದರ ಜೊತೆಗಿರುತ್ತಾರೆ. ಆಸ್ಪತ್ರೆ, ಶಾಲೆ, ವೃದ್ಧಾಶ್ರಮಗಳಿಗೆ ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಅದು ಬರುತ್ತದೆ. ಅಮೆರಿಕದಲ್ಲಿ 2012ರ ಸ್ಯಾಂಡಿ ಹುಕ್ ಶಾಲೆಯ ಹತ್ಯಾಕಾಂಡದ ನಂತರ ಇಂಥ ನಾಯಿಗಳನ್ನು ಆ ಊರಿಗೆ ಕರೆತರಲಾಯಿತು. ನಮ್ಮ ರಾಜ್ಯದಲ್ಲೇ ಮುಂಬಯಿ, ಪುಣೆಗಳಲ್ಲಿ ಎನಿಮಲ್ ಏಂಜಲ್ಸ್ ಫೌಂಡೇಶನ್ ಎಂಬ ಸಂಸ್ಥೆ ಪ್ರಾಣಿಗಳ ನೆರವಿನ ಚಿಕಿತ್ಸೆಯಲ್ಲಿ ವರ್ಷಗಳಿಂದ ತೊಡಗಿದೆ.

ನಾಯಿಯೇ ಏಕೆ? ದುಃಖದಲ್ಲಿರುವವರಿಗೆ ಅತ್ಯಂತ ಭಾರವಾಗುವುದು ಬಂದವರಿಗೆಲ್ಲ ಉತ್ತರ ಕೊಡುವುದು. ಹೇಗಾಯಿತು, ಎಷ್ಟು ಹೊತ್ತಿಗಾಯಿತು, ಯಾವ ಡಾಕ್ಟರಿಗೆ ತೋರಿಸಿದ್ದಿರಿ ಎಂದು ನಾಯಿ ಕೇಳುವುದಿಲ್ಲ. ಅದರ ಮುಂದೆ ಅಳಬಹುದು, ಸುಮ್ಮನಿರಬಹುದು, ಸತ್ತವರ ಹೆಸರು ಹಿಡಿದು ಮಾತನಾಡಬಹುದು. ಮುಟ್ಟುವಿಕೆಯ ಮಾತೂ ಇದೆ. ಐವತ್ತು ವರ್ಷ ಸಂಸಾರ ಮಾಡಿ ಒಂಟಿಯಾದ ಹಿರಿಯರನ್ನು ನಮ್ಮ ಸಮಾಜದಲ್ಲಿ ಯಾರೂ ಮುಟ್ಟಿ ಮಾತನಾಡಿಸುವುದಿಲ್ಲ, ಕಾಲಿಗೆ ನಮಸ್ಕಾರ ಮಾಡುತ್ತಾರೆ ಅಷ್ಟೆ. ನಾಯಿ ಮುಟ್ಟಿಸಿಕೊಳ್ಳುತ್ತದೆ, ಅದರ ನೋಟಕ್ಕೂ ಫಲವಿದೆ. ಜಪಾನಿನ ಅಜಾಬು ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದಂತೆ, ನಾಯಿಯೂ ಅದರ ಯಜಮಾನರೂ ಪರಸ್ಪರ ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಇಬ್ಬರ ಮೈಯಲ್ಲೂ ಆಕ್ಸಿಟೋಸಿನ್ ಎಂಬ ಹಾರ್ಮೋನು ಹೆಚ್ಚಾಗುತ್ತದೆ. ತಾಯಿ ಮಗುವಿನ ನಂಟಿನಲ್ಲಿ ಕೆಲಸ ಮಾಡುವುದೂ ಅದೇ. ಮನುಷ್ಯರೇ ಸಾಕಿದ ತೋಳಗಳಲ್ಲಿ ಇದು ಕಾಣಲಿಲ್ಲ. ಸಾವಿರಾರು ವರ್ಷ ಮನುಷ್ಯನ ಒಲೆಯ ಹತ್ತಿರ ಬಾಳಿದ ನಾಯಿಗೆ ಮಾತ್ರ ಅದು ದಕ್ಕಿದೆ. ಇದೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಇನ್ನೊಂದು. ಗಂಡ ಸತ್ತ ಹೆಣ್ಣುಮಗಳು ತಿಂಗಳುಗಟ್ಟಲೆ ಹೊಸ್ತಿಲು ದಾಟದಿರುವುದು ನಮ್ಮ ಅನೇಕ ಮನೆಗಳಲ್ಲಿ ಈಗಲೂ ಇದೆ. ಹೊರಗೆ ಹೋಗಲು ಆಕೆಗೆ ಕಾರಣ ಬೇಕು, ಜನ ಒಪ್ಪುವ ಕಾರಣ. ನಾಯಿಗೆ ನೀರಿಡಬೇಕು, ಅದನ್ನು ಓಣಿಯ ತುದಿಯವರೆಗೆ ನಡೆಸಿಕೊಂಡು ಬರಬೇಕು ಎಂಬುದು ಯಾರೂ ಬೆರಳು ಮಾಡದ ಕಾರಣ. ದಾರಿಯಲ್ಲಿ ಮಕ್ಕಳು ನಾಯಿಯ ಹೆಸರು ಕೇಳುತ್ತಾರೆ, ಆಕೆ ಉತ್ತರಿಸುತ್ತಾಳೆ. ಸ್ಟ್ರೋಬೆ ಮತ್ತು ಶುಟ್ ಹೇಳಿದ ಆ ಎರಡನೆಯ ಕಡೆಗಿನ ತೂಗಾಟ ಇಲ್ಲಿ ಯಾವ ಉಪದೇಶವೂ ಇಲ್ಲದೆ ಆಗುತ್ತದೆ.

ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು ಈಗ ನೋಡಬೇಕು. 1980ರಲ್ಲಿ ಎರಿಕಾ ಫ್ರೀಡ್‌ಮನ್ ಮತ್ತು ಸಂಗಡಿಗರು ಹೃದಯದ ತೊಂದರೆಯಿಂದ ಆಸ್ಪತ್ರೆ ಸೇರಿ ಮನೆಗೆ ಮರಳಿದ 92 ಜನರನ್ನು ಒಂದು ವರ್ಷ ಗಮನಿಸಿದರು. ಸಾಕುಪ್ರಾಣಿಗಳಿದ್ದ 53 ಜನರಲ್ಲಿ 3 ಮಂದಿ, ಇಲ್ಲದ 39 ಜನರಲ್ಲಿ 11 ಮಂದಿ ತೀರಿಕೊಂಡಿದ್ದರು. ಈ ಅಂಕಿಗಳನ್ನು ಪ್ರಾಣಿಪ್ರಿಯರು ಇಂದಿಗೂ ಎಲ್ಲೆಡೆ ಎತ್ತಿ ಹೇಳುತ್ತಾರೆ. ಆದರೆ 2010ರಲ್ಲಿ ಆಸ್ಟ್ರೇಲಿಯದ ಗಾರ್ಡನ್ ಪಾರ್ಕರ್ ತಂಡ ಇಂಥದ್ದೇ ರೋಗಿಗಳಲ್ಲಿ ಇದಕ್ಕೆ ವಿರುದ್ಧವಾದ ಫಲಿತಾಂಶ ಕಂಡಿತು ಎಂಬುದನ್ನೂ ಹೇಳದಿದ್ದರೆ ನಾವು ನ್ಯಾಯವಾಗಿ ನಡೆದುಕೊಂಡಂತಾಗದು. ಹಾಗಾಗಿ ನಾಯಿ ಆಯುಸ್ಸು ಹೆಚ್ಚಿಸುತ್ತದೆ ಎಂಬ ಮಾತನ್ನು ನಾನು ಬಿಟ್ಟುಬಿಡುತ್ತೇನೆ. ದುಃಖದ ವಿಷಯದಲ್ಲಿ ಚಿತ್ರ ಇನ್ನಷ್ಟು ಸ್ಪಷ್ಟ. ಅಮೆರಿಕದ ಹಿರಿಯರ ಮೇಲೆ 1989ರಲ್ಲಿ ಗ್ಯಾರಿಟಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತಿರದವರನ್ನು ಕಳೆದುಕೊಂಡು, ಮನಸ್ಸು ಬಿಚ್ಚಿ ಮಾತನಾಡಲು ಹೆಚ್ಚು ಜನರಿಲ್ಲದವರಿಗೆ ಪ್ರಾಣಿಯ ನಂಟಿನಿಂದ ಖಿನ್ನತೆ ಕಡಿಮೆಯಿತ್ತು. ಮಾತಿಗೆ ಜನರಿದ್ದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಫ್ಲಾರಿಡಾದ ಡಾನ್ ಕಾರ್ ಮತ್ತು ಸಂಗಡಿಗರು 2020ರಲ್ಲಿ, ಸಾವಿನಿಂದಲೋ ವಿಚ್ಛೇದನದಿಂದಲೋ ಸಂಗಾತಿಯನ್ನು ಕಳೆದುಕೊಂಡ ಐವತ್ತು ದಾಟಿದವರನ್ನು ಪರಿಶೀಲಿಸಿ, ಪ್ರಾಣಿ ಸಾಕಿದವರಲ್ಲಿ ಒಂಟಿತನವೂ ಖಿನ್ನತೆಯೂ ಅಷ್ಟಾಗಿ ಏರಲಿಲ್ಲವೆಂದು ತೋರಿಸಿದರು. ಇವು ಸಾಕಿದ ಪ್ರಾಣಿಗಳ ಮಾತು. ಭೇಟಿಗೆ ಬರುವ ನಾಯಿಗಳ ಬಗ್ಗೆ, ವಾಶಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 249 ವಿದ್ಯಾರ್ಥಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗವಿದೆ. ನಾಯಿ ಬೆಕ್ಕುಗಳನ್ನು ಹತ್ತು ನಿಮಿಷ ನೇವರಿಸಿದವರಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಇಳಿದಿತ್ತು. ಹತ್ತು ನಿಮಿಷದ ನೆಮ್ಮದಿ ಒಂದು ವರ್ಷದ ದುಃಖಕ್ಕೆ ಉತ್ತರವಾಗದು ನಿಜ. ಆದರೆ ಗ್ಯಾರಿಟಿಯವರ ಅಧ್ಯಯನ ನಮಗೆ ಬೇಕಾದದ್ದನ್ನೇ ಹೇಳುತ್ತಿದೆ. ನಾಯಿಯ ಪ್ರಯೋಜನ ಎಲ್ಲರಿಗೂ ಸಮನಾಗಿಲ್ಲ, ಜೊತೆಯಿಲ್ಲದವರಿಗೇ ಹೆಚ್ಚು. ಹದಿನಾಲ್ಕನೆಯ ದಿನದಿಂದ ಒಂಟಿಯಾದವರು ಅವರೇ.

ಇದು ಪಶ್ಚಿಮದ ಗೀಳು, ನಮ್ಮದಲ್ಲ ಎಂಬ ಆಕ್ಷೇಪ ಬರುತ್ತದೆ. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಿನ ಕಲ್ಲು ಈ ಆಕ್ಷೇಪಕ್ಕೆ ಸಾವಿರ ವರ್ಷ ಹಿಂದೆಯೇ ಉತ್ತರ ಕೊಟ್ಟಿದೆ. ಕ್ರಿ.ಶ. 949-50ರ ಆ ಶಾಸನ ತಕ್ಕೋಲದ ಯುದ್ಧವನ್ನು ಹೇಳುವುದರಿಂದ ಇತಿಹಾಸಕಾರರಿಗೆ ಅಮೂಲ್ಯವಾದದ್ದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ ಯುದ್ಧವದು. ಅದರಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಏನು ಬೇಕು ಕೇಳು ಎಂದು ಬೂತುಗ ಹೇಳಿದಾಗ, ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಆ ಕಾಳಿ ದೊಡ್ಡ ಹಂದಿಯೊಂದಿಗೆ ಕಾದಿತು, ಎರಡೂ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ, ಅದರ ಪೂಜೆಗೆ ಭೂಮಿ ಬಿಟ್ಟ, ಪೂಜೆ ತಪ್ಪಿಸಿ ಉಂಡವರಿಗೆ ಪಾಪ ತಗಲುತ್ತದೆಂದು ಬರೆಸಿದ. ಹಂದಿ ನಾಯಿಗಳ ಕಾದಾಟವನ್ನು ಕೆತ್ತಿದ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯ ನೆನಪಿಗೆ ಭೂಮಿ ದತ್ತಿ ಬಿಟ್ಟ ಕನ್ನಡಿಗನ ಮನಸ್ಸಿಗೆ ನಾಯಿಯ ಒಡನಾಟ ಹೊರಗಿನದಾಗಿರಲಿಲ್ಲ. ನಮ್ಮ ಕಾಲಕ್ಕೆ ಬಂದರೆ, 2022ರ ಜೂನ್ 10ರಂದು ತೆರೆಕಂಡ ಕಿರಣ್‌ರಾಜ್ ಅವರ 777 ಚಾರ್ಲಿ ಚಿತ್ರದಲ್ಲಿ ರಕ್ಷಿತ್ ಶೆಟ್ಟಿ ಮಾಡಿದ ಪಾತ್ರದ ಹೆಸರು ಧರ್ಮ. ಬಾಲ್ಯದಲ್ಲಿ ಮನೆಯವರನ್ನು ಕಳೆದುಕೊಂಡು ನೆರೆಯವರೊಡನೆಯೂ ಮಾತು ಬಿಟ್ಟವನು ಒಂದು ನಾಯಿಯ ದೆಸೆಯಿಂದ ಜನರ ನಡುವೆ ಮರಳುತ್ತಾನೆ. ಕಥೆ ಸಾಕ್ಷ್ಯವಲ್ಲ. ಆದರೆ ಆ ಚಿತ್ರ ನೋಡಿ, ತೀರಿಹೋದ ತಮ್ಮ ನಾಯಿಯನ್ನು ನೆನೆದು ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಎಲ್ಲರೆದುರು ಕಣ್ಣೀರಿಟ್ಟದ್ದು ಕಥೆಯಲ್ಲ. ಹುದ್ದೆಯಲ್ಲಿರುವ ಗಂಡಸು ಬಹಿರಂಗವಾಗಿ ಅಳುವುದೇ ಕಡಿಮೆ, ಅದೂ ನಾಯಿಗಾಗಿ. ಅದಕ್ಕೆ ನಕ್ಕವರಿದ್ದರೆ ಅವರು ತಪ್ಪು ಎಂದು ನಾನು ಹೇಳುತ್ತೇನೆ.

ನಾಯಿ ಮುಟ್ಟಿದರೆ ಮೈಲಿಗೆ ಎಂಬುದನ್ನು ಬೇಗ ಮುಗಿಸಬಹುದು. ಇಲ್ಲಿಂದ ಹತ್ತಿರದ ನರಸೋಬವಾಡಿಗೆ ಹೋಗಿಬರುವ ಪ್ರತಿ ಮನೆಯ ದತ್ತನ ಪಟದಲ್ಲಿ ಕಾಲಬುಡಕ್ಕೆ ನಾಲ್ಕು ನಾಯಿಗಳಿವೆ. ಮೈಲಾರಲಿಂಗನನ್ನೂ ಖಂಡೋಬನನ್ನೂ ನಾಯಿಯಿಂದ ಬೇರೆಮಾಡಿ ಪೂಜಿಸಿದವರಿಲ್ಲ. ಮಹಾಪ್ರಸ್ಥಾನದಲ್ಲಿ ದ್ರೌಪದಿಯೂ ನಾಲ್ವರು ತಮ್ಮಂದಿರೂ ಬಿದ್ದ ಮೇಲೆ ಧರ್ಮರಾಯನೊಡನೆ ಉಳಿದದ್ದು ಒಂದು ನಾಯಿ, ಅದನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆನೆಂದು ಆತ ಹೇಳಿದ.

ನಾಯಿಕಡಿತದ ಭಯವನ್ನು ಮಾತ್ರ ಹೀಗೆ ದಾಟಿ ಹೋಗಲಾಗದು, ಏಕೆಂದರೆ ಅದು ನ್ಯಾಯವಾದ ಭಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ 5,700ಕ್ಕೂ ಹೆಚ್ಚು ಜನ ರೇಬಿಸ್‌ನಿಂದ ಸಾಯುತ್ತಾರೆ. ಲಸಿಕೆಯಿಂದ ಪೂರ್ತಿ ತಡೆಯಬಹುದಾದ ಸಾವುಗಳಿವು. ಮಗುವನ್ನು ಹೀಗೆ ಕಳೆದುಕೊಂಡ ಮನೆಗೆ ನಾಯಿಯ ಒಡನಾಟದ ಹಿತವನ್ನು ಹೇಳಲು ಹೋಗುವುದು ಕ್ರೌರ್ಯ. ಶಾಲೆ, ಆಸ್ಪತ್ರೆ, ಬಸ್‌ಸ್ಟ್ಯಾಂಡುಗಳ ಆವರಣದಿಂದ ಬೀದಿನಾಯಿಗಳನ್ನು ತೆರವು ಮಾಡಬೇಕೆಂದು ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಆದೇಶಿಸಿತು. ಆಸ್ಪತ್ರೆಯಿಂದ ನಾಯಿಗಳನ್ನು ಹೊರಹಾಕಿ ಎನ್ನುವಾಗ ಆಸ್ಪತ್ರೆಗೆ ನಾಯಿ ತನ್ನಿ ಎನ್ನುತ್ತಿದ್ದೀರಲ್ಲ ಎಂದು ಕೇಳಬಹುದು. ಎರಡೂ ಒಂದೇ ನಿಯಮದಿಂದ ಹುಟ್ಟುವ ಮಾತುಗಳು. ಯಾರ ಹೊಣೆಯೂ ಇಲ್ಲದ, ಲಸಿಕೆಯಿಲ್ಲದ ಪ್ರಾಣಿ ರೋಗಿಗಳ ಬಳಿ ಇರಬಾರದು. ಲಸಿಕೆಯ ದಾಖಲೆಯಿರುವ, ಪಶುವೈದ್ಯರು ಕಾಲಕಾಲಕ್ಕೆ ಪರೀಕ್ಷಿಸಿದ, ಹಗ್ಗ ಬಿಡದ ಒಬ್ಬರು ಜೊತೆಗಿರುವ ನಾಯಿ ಗೊತ್ತುಮಾಡಿದ ಒಂದು ಕೋಣೆಗೆ ಬರಬಹುದು. ಮುಟ್ಟುವ ಮುಂಚೆಯೂ ಆಮೇಲೂ ಕೈ ತೊಳೆಯಬೇಕು. ತೆರೆದ ಗಾಯವಿರುವವರು, ರೋಗನಿರೋಧಕ ಶಕ್ತಿ ಕುಂದಿದವರು, ಅಲರ್ಜಿಯವರು, ನಾಯಿಗೆ ಹೆದರುವವರು ಇದ್ದಲ್ಲಿಗೆ ಅದು ಹೋಗಬಾರದು. ಬೇಡವೆಂದವರ ಮೇಲೆ ಈ ಒಡನಾಟವನ್ನು ಹೇರುವಂತಿಲ್ಲ. ತಳಿಯ ಬಗ್ಗೆ ಒಂದು ಮಾತು: ಹತ್ತಿರದ ಮುಧೋಳದ ನಾಯಿಯ ಬಗ್ಗೆ ನಮಗೆಲ್ಲ ಅಭಿಮಾನವಿದೆ, 2016ರಲ್ಲಿ ಅದು ಸೇನೆಗೂ ಹೋಯಿತು. ಆದರೆ ಅದು ಕಣ್ಣಿಟ್ಟು ಬೇಟೆಯಾಡಲು ಬೆಳೆಸಿದ ತಳಿ, ಅಪರಿಚಿತರಿಂದ ಸಾಮಾನ್ಯವಾಗಿ ದೂರವಿರುವಂಥದ್ದು. ಈ ಕೆಲಸಕ್ಕೆ ನಾಯಿಯನ್ನು ಆರಿಸುವಾಗ ಅಭಿಮಾನಕ್ಕಿಂತ ಆ ಒಂದು ನಾಯಿಯ ಸ್ವಭಾವವೇ ಮುಖ್ಯ.

ಇನ್ನು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಆಕ್ಷೇಪ. ನಮ್ಮ ನೆಮ್ಮದಿಗಾಗಿ ಪ್ರಾಣಿಯನ್ನು ದುಡಿಸುವುದು ಸರಿಯೇ? ಈ ಪ್ರಶ್ನೆಯನ್ನು ನಮ್ಮ ಕೊಲ್ಹಾಪುರ ಜಿಲ್ಲೆ 2025ರಲ್ಲಿ ನೋವಿನಿಂದ ಎದುರಿಸಿದೆ. ಶಿರೋಳ ತಾಲೂಕಿನ ನಾಂದಣಿ ಜೈನಮಠದಲ್ಲಿ ಮೂರು ದಶಕಗಳಿಂದ ಇದ್ದ ಮಹಾದೇವಿ, ಜನರ ಬಾಯಲ್ಲಿ ಮಾಧುರಿ, ಎಂಬ ಆನೆಯನ್ನು ಜಾಮನಗರದ ವನತಾರಾ ಪ್ರಾಣಿ ಆಶ್ರಯ ಕೇಂದ್ರಕ್ಕೆ ಕಳಿಸಬೇಕೆಂದು ಮುಂಬಯಿ ಹೈಕೋರ್ಟ್ ಜುಲೈ 16ರಂದು ತೀರ್ಪಿತ್ತಿತು, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆನೆ ಹೊರಟಾಗ ಜನ ಮನೆಯ ಮಗಳನ್ನು ಕಳಿಸಿಕೊಟ್ಟಂತೆ ಅತ್ತರು, ಆಗಸ್ಟಿನಲ್ಲಿ ಸಾವಿರಾರು ಮಂದಿ ನಾಂದಣಿಯಿಂದ ಕೊಲ್ಹಾಪುರಕ್ಕೆ ಮೌನವಾಗಿ ನಡೆದರು. ಆ ದುಃಖ ಸಾಚಾ ದುಃಖ. ನ್ಯಾಯಾಲಯ ನೋಡಿದ ಆನೆಯ ಕಾಲಿನ ಹುಣ್ಣು, ಕೀಲುನೋವು, ಒಂಟಿತನಗಳೂ ಸಾಚಾ. ಮನುಷ್ಯರ ಭಕ್ತಿಯ ಹಕ್ಕಿಗಿಂತ ಪ್ರಾಣಿಯ ಆರೋಗ್ಯ ಮೇಲು ಎಂದು ಹೈಕೋರ್ಟ್ ಹೇಳಿತು. ಪ್ರೀತಿಸುವ ಜನರಿದ್ದ ಮಾತ್ರಕ್ಕೆ ಪ್ರಾಣಿ ಸುಖವಾಗಿದೆ ಎಂದಾಗುವುದಿಲ್ಲ. ಥೆರಪಿ ನಾಯಿಗೂ ಇದೇ ಅಳತೆ ಇಡಬೇಕು. ಅಳುವವರ ನಡುವೆ ದಿನವಿಡೀ ಕೂತ ನಾಯಿ ದಣಿಯುತ್ತದೆ. ತುಟಿ ನೆಕ್ಕುವುದು, ಆಕಳಿಸುವುದು, ಮುಖ ತಿರುಗಿಸುವುದು ಅದರ ಬೇಡ ಎನ್ನುವ ಮಾತು. ಆಗ ಭೇಟಿ ಅಲ್ಲಿಗೇ ನಿಲ್ಲಬೇಕು. ಕೆಲಸದ ಹೊತ್ತಿಗೆ ಮಿತಿಯಿರಬೇಕು, ಮುಪ್ಪಿನಲ್ಲಿ ನಿವೃತ್ತಿ ಇರಬೇಕು, ಉಳಿದ ಹೊತ್ತಿಗೆ ಅದಕ್ಕೊಂದು ಮನೆಯಿರಬೇಕು. ಆನೆ ಕಾಡಿನದು, ಮನುಷ್ಯರ ಜೊತೆಯನ್ನು ಅದರ ಮೇಲೆ ನಾವು ಹೇರುತ್ತೇವೆ. ನಾಯಿಗೆ ಮನುಷ್ಯರ ಜೊತೆಯೇ ಬೇಕು. ಈ ವ್ಯತ್ಯಾಸದಿಂದಾಗಿ ನಾಯಿಯ ವಿಷಯದಲ್ಲಿ ನನ್ನ ಉತ್ತರ ಹೌದು, ಷರತ್ತುಗಳೊಂದಿಗೆ.

ನಾಯಿ ಹತ್ತು ಹದಿಮೂರು ವರ್ಷ ಬಾಳುತ್ತದೆ, ಅದು ಸತ್ತಾಗ ಇನ್ನೊಂದು ದುಃಖ ಎನ್ನುವವರಿದ್ದಾರೆ. ನಿಜ. ಅದಕ್ಕೇ ಎಪ್ಪತ್ತೈದು ದಾಟಿದ ಒಂಟಿ ಹಿರಿಯರಿಗೆ ಮರಿ ತಂದುಕೊಟ್ಟು ಮಕ್ಕಳು ಕೈತೊಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಅವರಿಗೆ ಭೇಟಿಗೆ ಬರುವ ನಾಯಿಯೇ ಮೇಲು. ಮಕ್ಕಳ ಕರ್ತವ್ಯವನ್ನು ನಾಯಿಗೆ ವಹಿಸುವುದಕ್ಕೆ ಈ ಉಪನ್ಯಾಸವನ್ನು ಯಾರೂ ಆಧಾರವಾಗಿ ತೆಗೆದುಕೊಳ್ಳಬಾರದು.

ದುಡಿಯುವ ಜನರ ಊರಿಗೆ ಇದೆಲ್ಲ ಶ್ರೀಮಂತರ ಷೋಕಿ ಎನ್ನುವ ಮಾತು ಕೊನೆಗೆ ಉಳಿಯುತ್ತದೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆ ಹೇಳಿದಂತೆ, ಮಾನಸಿಕ ತೊಂದರೆಗಳಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ ಶೇಕಡಾ 70ಕ್ಕಿಂತ ಕೆಳಗಿಲ್ಲ. ಇಂಥಲ್ಲಿ ಆಪ್ತಸಮಾಲೋಚಕರೇ ಇಲ್ಲದ ಕಡೆ ಮೊದಲು ನಾಯಿ ತಂದರೆ ಅದು ಬರೀ ಪ್ರದರ್ಶನವಾಗುತ್ತದೆ ಎಂದು ನಾನೂ ಒಪ್ಪುತ್ತೇನೆ. ಆದರೆ ಸಮಾಲೋಚಕರ ಕೋಣೆಗೆ ನಮ್ಮ ಜನ ಕಾಲಿಡುವುದಿಲ್ಲ, ಹುಚ್ಚರ ಡಾಕ್ಟರು ಎಂಬ ಹೆಸರಿಗೆ ಹೆದರುತ್ತಾರೆ. ನಾಯಿ ನೋಡಲು ಬಂದವರು ಆ ಕೋಣೆಯಲ್ಲಿ ಕೂತು ಮಾತನಾಡಿಯಾರು. ದೊಡ್ಡ ವ್ಯವಸ್ಥೆಗಳು ಚಿಕ್ಕ ಊರಿನ ಪ್ರಯೋಗಗಳಿಂದಲೇ ಬೆಳೆದಿವೆ. ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ಮಾಡಿನೋಡಿದ ಕೆಲಸವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಆದ್ದರಿಂದ ಈ ಸಭೆಯಲ್ಲಿ ಕುಳಿತಿರುವ ವೈದ್ಯರಲ್ಲಿ, ಪಶುವೈದ್ಯರಲ್ಲಿ, ಮಗ್ಗದ ಮಾಲೀಕರಲ್ಲಿ, ಮಠಗಳ ಮತ್ತು ಶಾಲೆಗಳ ಆಡಳಿತದವರಲ್ಲಿ ನನ್ನದೊಂದು ಕೋರಿಕೆ. ಇಚಲಕರಂಜಿಯಲ್ಲೋ ಗಡಹಿಂಗ್ಲಜದಲ್ಲೋ ಒಂದು ಆಸ್ಪತ್ರೆ, ವಾರದಲ್ಲಿ ಒಂದು ಮಧ್ಯಾಹ್ನ, ಒಂದು ಕೋಣೆ ತೆರೆಯಲಿ. ಅಲ್ಲಿ ಕನ್ನಡವೂ ಮರಾಠಿಯೂ ಬಲ್ಲ ಒಬ್ಬ ಸಮಾಲೋಚಕರಿರಲಿ, ಪರೀಕ್ಷೆಯಾದ ಒಂದು ನಾಯಿಯೂ ಅದರ ಹಗ್ಗ ಹಿಡಿದವರೂ ಇರಲಿ. ಒಂದು ವರ್ಷ ನಡೆಸಿ, ಬಂದವರು ಎಷ್ಟು, ಅವರಲ್ಲಿ ಮತ್ತೆ ಬಂದವರು ಎಷ್ಟು ಎಂಬ ಲೆಕ್ಕವನ್ನು ಬರೆದಿಡಿ. ಫಲ ಕಾಣದಿದ್ದರೆ ನಿಲ್ಲಿಸಿ. ಅಲ್ಲಿಯವರೆಗೆ, ನಿಮ್ಮ ಓಣಿಯಲ್ಲಿ ಹದಿಮೂರು ಮುಗಿದ ಮನೆಗೆ ಹದಿನಾಲ್ಕನೆಯ ದಿನವೂ ಹೋಗಿ ಬನ್ನಿ, ತಿಂಗಳುಗಳು ಕಳೆದರೂ ಏಳಲಾಗದವರಿಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಬರೆದುಕೊಡಿ. ಅದಕ್ಕೆ ಮಾಡುವ ಕರೆಗೆ ಹಣವಿಲ್ಲ, ಅಲ್ಲಿ ಕನ್ನಡದಲ್ಲೂ ಮಾತನಾಡಬಹುದು.